ತಪ್ಪಿದ ತೂತು

ನನ್ನ ಕೆಲಸ ತೂತು ಹೊಡಿಯೋದು.
ಅಕ್ಕಲಕೋಟ ರೋಡಿನ ಕಾರಖಾನಿ, ಜಕಾರ್ಡ್ ಮಗ್ಗದ ರಟ್ಟು.
ಗ್ರಾಫ್ ಕಾಗದ ಓದಬೇಕು, ಏಟು ಹಾಕಬೇಕು.
ತೂತು ಇದ್ದಲ್ಲಿ ಎಳಿ ಏಳತದ,
ಇಲ್ಲದಲ್ಲಿ ಮಲಗತದ.
ಏಳೋದು ಮಲಗೋದ್ರಾಗ ಒಂದು ನವಿಲು ಆಗತದ,
ಅದರ ಎದುರು ಇನ್ನೊಂದು.
ಸೋಲಾಪುರದ ಚಾದರಿನ್ಯಾಗ ನಾ ಹೊಡಿಯೋ ನವಿಲು
ಯಾವಾಗಲೂ ಜೋಡಿ.

ಆರನೇ ತಿಂಗಳ ಸೋನೋಗ್ರಫಿ.
ಮಹಾನಂದಾನ ಹೊಟ್ಟಿ ಮ್ಯಾಲ ಸರದಾಡೋ ಕೈ
ಒಂದು ಕಡೆ ನಿಂತುಬಿಡ್ತು.
ಎಡಕ್ಕ ಕಿಡ್ನಿ, ಅವರಿಕಾಳಿನಷ್ಟು.
ಬಲಕ್ಕ ಕತ್ತಲ.
ಡಾಕ್ಟರ್ ಬಾಯಿ ಮತ್ತೊಮ್ಮೆ ಹುಡುಕಿದ್ರು.
ಮತ್ತ ಕತ್ತಲ.

"ಇಕಿ ಏನರ ತಿಂದಿದ್ದರಲ್ಲ," ಅಂದ್ಲು ಅವ್ವ,
"ಬರೇ ಚಹಾ, ಬರೇ ಖಾರಿ."
ಮಹಾನಂದಾ ಸೆರಗಿನ ತುದಿ ಸುತ್ತಿ ಸುತ್ತಿ ಬಿಚ್ಚತಿದ್ಲು.
ನನಗ ನೆನಪಾತು:
ಎರಡು ತಿಂಗಳೂ ತುಂಬಿದ್ದಿಲ್ಲ,
ದೀಪ ಹಚ್ಚೋ ಹೊತ್ತು,
ಚಿಲಕ ಸಿಗವಲ್ಲದು ಅಂತ ಗ್ವಾಡಿ ತಡವತಿದ್ಲು.
ಕಾಲಿಗೆ ಕೊಡ ತಾಗಿ ಅಂಗಳ ತುಂಬ ನೀರು.
ಇರುಳುಗುರುಡಿ ಅಂತ ನಾ ಚಾಷ್ಟಿ ಮಾಡಿದ್ದೆ.
ಆಕಿನೂ ನಕ್ಕಿದ್ಲು.

ಅದನ್ನ ಹೇಳಿದ್ದಕ್ಕ
ಡಾಕ್ಟರ್ ಬಾಯಿ ಕೇಸ್ ಪೇಪರ್ ಬೋರಲ ಹಾಕಿ ಗಿಡ ಬರದ್ರು.
ಅವರು ಹೇಳಿದ್ದು ಮರಾಠಿಯೊಳಗ,
ನಾ ತಿಳಕೊಂಡದ್ದು ಕನ್ನಡದಾಗ:
ಮೊದಲ ಒಂದು ಮೊಗ್ಗಿ.
ಅದು ಕವಲಾಗತದ, ಕವಲಿಗೆ ಕವಲು,
ಹುಣಸಿಗಿಡ ಇದ್ದಂಗ, ಆದರ ಬೆರಳ ತುದಿಗಿಂತ ಸಣ್ಣದು.
ಎಲ್ಲಿ ಒಡೀಬೇಕು ಅನ್ನೋದು ಜೀನಿನ್ಯಾಗ ಬರದಿರತದ.
ಬರದದ್ದನ್ನ ಓದಿ ಹೇಳೋರು ಬೇಕಲ್ಲ,
ಎ ವಿಟಮಿನ್ ಅಂಥಾಕಿ ಒಬ್ಬಾಕಿ.
ಗಜ್ಜರಿಯೊಳಗಿರತಾಳ, ನುಗ್ಗಿಸೊಪ್ಪಿನ್ಯಾಗ, ತತ್ತಿಯೊಳಗ.
ಕಡಿಮಿ ಬಿದ್ಲು ಅಂದ್ರ ಕವಲೂ ಕಡಿಮಿ.
ಹಂಗಂತ ಗುಳಿಗಿ ಮ್ಯಾಲ ಗುಳಿಗಿ ನುಂಗಿದ್ರ
ಅದೂ ಕೂಸಿಗೆ ಕೆಟ್ಟ.

"ನಮ್ಮ ಕೂಸಿಗೆ ಆದದ್ದು ಯಾವುದರಿಂದ್ರೀ?"
"ಗೊತ್ತಿಲ್ಲ."
ಅಷ್ಟು ಓದಿದವರ ಬಾಯಾಗ ಆ ಮಾತು
ನಾ ಕೇಳಿದ್ದು ಅದೇ ಮೊದಲು.

ನವಿಲು ಕುಂಟಿದ್ರ ನಾವೂ ಎರಡು ನೋಡತೀವಿ.
ಮಗ್ಗದಾಗ ನೂಲು ತೀರೇದೇನು?
ರಟ್ಟಿನ್ಯಾಗ ತೂತು ತಪ್ಪೇದೇನು?
ನೂಲು ತೀರಿದ್ರ ಒಂದು ಚಾದರು ಕೆಡತದ.
ತೂತು ತಪ್ಪಿತ್ತಂದ್ರ,
ಅದೇ ರಟ್ಟಿನ ಸರಪಳಿ ತಿರುಗಿ ತಿರುಗಿ
ಮುಂದ ಹುಟ್ಟೋ ಚಾದರಿಗೂ ಅದೇ ಕುಂಟು.

"ನೀವೂ ಒಮ್ಮೆ ಮಲಗರಿ," ಅಂದ್ರು ಡಾಕ್ಟರ್ ಬಾಯಿ.
ತಣ್ಣನ ಜೆಲ್ಲು.
ಮೂವತ್ತೈದು ವರ್ಷ ಹೊತಗೊಂಡು ತಿರುಗಿದ ಹೊಟ್ಟಿ,
ಕಬಡ್ಡಿ ಆಡೇದ, ರಾತ್ರಿಪಾಳಿ ದುಡದದ,
ಒಂದು ದಿನ ನೋವು ಅಂದಿಲ್ಲ.
ಎಡಕ್ಕ ಒಂದು, ದೊಡ್ಡದು.
ಬಲಕ್ಕ ಕತ್ತಲ.

ಅವ್ವ ಬೀಡಿ ಕಟ್ಟತಿದ್ಲು. ಹೇಳಿದೆ.
ಎಲಿಗೆ ಸುತ್ತಿದ ದಾರ ಹಂಗೇ ಹಿಡಕೊಂಡು ಕೂತಳು.
ಆಮ್ಯಾಲ, ಯಾರನ್ನೂ ನೋಡದ:
"ನೀ ಹೊಟ್ಟ್ಯಾಗಿದ್ದಾಗ ಎಪ್ಪತ್ತೆರಡರ ಬರ.
ಖಡಿ ಒಡಿಯಾಕ ಹೋಗತಿದ್ದೆ.
ರೇಷನ್ನಿನ ಕೆಂಪು ಜೋಳ, ಉಪ್ಪು, ಮುಗೀತು.
ಹೊತ್ತು ಮುಳುಗಿದ್ರ ದಾರಿ ಕಾಣತಿದ್ದಿಲ್ಲ ನನಗ.
ನಿಮ್ಮಪ್ಪನ ಧೋತರದ ಚುಂಗು ಹಿಡಕೊಂಡು ಬರತಿದ್ದೆ."

ತೂತೋ, ನೂಲೋ.
ಅಂವತ್ತ ರಾತ್ರಿ ಮಹಾನಂದಾ
ನುಗ್ಗಿಸೊಪ್ಪಿನ ಪಲ್ಯ ಮೊದಲ ಅವ್ವನ ತಾಟಿಗೆ ಹಾಕಿದ್ಲು.
"ನನಗ್ಯಾಕ, ಈಗ?" ಅಂದ್ಲು ಅವ್ವ.
ತಿಂದ್ಲು.

ಗಂಗೂಗ ಈಗ ಆರು ವರ್ಷ.
ಇರೋ ಒಂದು ಕಿಡ್ನಿ ಎರಡರ ಕೆಲಸ ಹೊತಗೊಂಡದ ಅಂತಾರ;
ವರ್ಷಕ್ಕೊಮ್ಮೆ ಬಿಪಿ ನೋಡಿಸಬೇಕು,
ಕೊರಳಾಗ ನೀರಿನ ಬಾಟಲಿ ತಪ್ಪಬಾರದು.
ನಾ ರಟ್ಟು ಹೊಡಿಯೋ ಮೇಜಿನ ಬುಡಕ ಕೂತು
ಉದುರಿದ ದುಂಡನ ಚೂರು ಆರಿಸತಾಳ.
"ಇವು ಎಲ್ಲಿವಪ್ಪಾ?"
"ತೂತಿನ್ಯಾಗಿನವು."
ಒಂದನ್ನ ಬೆರಳಿನಿಂದ ಒತ್ತಿ
ತಿರುಗಿ ರಟ್ಟಿಗೆ ಕೂಡಿಸಿ ನೋಡತಾಳ.
ಬೀಳತದ. ಮತ್ತ ಕೂಡಿಸತಾಳ. ಬೀಳತದ.
ಬಾಟಲಿ ಎತ್ತಿ ಗಟಗಟ ಕುಡೀತಾಳ,
ಅರ್ಧ ಅಂಗಿ ಮ್ಯಾಲ.