ಅಂಚಿನಲ್ಲಿ ಬರೆದದ್ದು

ಗ್ರಿಮ್ಸ್‌ಬಿಯ ಈ ಆಸ್ಪತ್ರೆಯಲ್ಲಿ ನನ್ನ ಕೆಲಸ
ಉಸಿರು ಅಳೆಯುವುದು.
ಮೂಗಿಗೆ ಚಿಮುಟ ಹಾಕಿ, ಬಾಯಿಗೆ ಕೊಳವೆ ಕೊಟ್ಟು
ಊದಿ, ಊದಿ, ಇನ್ನೂ, ಇನ್ನೂ, ನಿಲ್ಲಿಸಬೇಡಿ ಎಂದು
ದಿನಕ್ಕೆ ಹದಿನಾರು ಸಲ ಕೂಗುತ್ತೇನೆ
ಸೂಲಗಿತ್ತಿಯ ಹಾಗೆ.

ಗುರುವಾರ ಬಂದವರು ಇಬ್ಬರು.
ಎನಿಡ್ ಥರ್ಲೋ, ಅರವತ್ತಾರು,
ಹಡಗುಕಟ್ಟೆಯ ಹಿಂದಿನ ಹೊಗೆಮನೆಯಲ್ಲಿ
ಹ್ಯಾಡಕ್ ಮೀನನ್ನು ಸಲಾಕೆಗೆ ಪೋಣಿಸಿ
ಮೂವತ್ತೊಂದು ವರ್ಷ ತೂಗುಹಾಕಿದವಳು.
ಜೊತೆಗೆ ಮೊಮ್ಮಗಳು ಟೀಗನ್, ಹದಿನಾಲ್ಕು,
ಶಾಲೆಯಿಂದ ಮೂರು ದಿನ ಹೊರಗೆ:
ಅವಳ ಕಾಲುಚೀಲದಲ್ಲಿ ಸಿಕ್ಕಿತ್ತು
ಬೆರಳುದ್ದದ ಗುಲಾಬಿ ಬಣ್ಣದ ವೇಪ್,
ಬ್ಲೂಬೆರಿ ವಾಸನೆಯದು.

‘ಮೀನು ಕೆಡದ ಹಾಗೆ ಇಡುತ್ತಿತ್ತು ಹೊಗೆ,
ನನ್ನನ್ನೂ ಇಡುತ್ತದೆ ಅಂದುಕೊಂಡಿದ್ದೆ’
ಎಂದು ನಗುತ್ತಾಳೆ ಎನಿಡ್. ನಗು ಕೆಮ್ಮಿನಲ್ಲಿ ಮುಗಿಯುತ್ತದೆ.
ದಿನಕ್ಕೆ ಮೂವತ್ತು ಸಿಗರೇಟು, ನಲವತ್ತನಾಲ್ಕು ವರ್ಷ.
ತೋಳಿಗೆ ಅಂಟಿಸುವ ಪಟ್ಟಿ, ಚೂಯಿಂಗ್ ಗಮ್,
ಸಂಮೋಹನ ಮಾಡುತ್ತೇನೆಂದು ದುಡ್ಡು ತೆಗೆದುಕೊಂಡ ಮನುಷ್ಯ,
ಗಂಡನ ಸಾವು ಕೂಡ
ಬಿಡಿಸಲಿಲ್ಲ.
ಬಿಡಿಸಿದ್ದು ಇದು: ಕೋಟಿನ ಜೇಬಿಂದ ತೆಗೆದು ಮೇಜಿನ ಮೇಲಿಟ್ಟಳು,
ಪುದೀನ ವಾಸನೆಯ ಉಕ್ಕಿನ ಕಡ್ಡಿ.
ಇದೇ ಆಸ್ಪತ್ರೆಯ ಮೂರನೆಯ ಮಹಡಿ ಕೊಟ್ಟದ್ದು, ಪುಕ್ಕಟೆ.

ಮೂರನೆಯ ಮಹಡಿಯ ಗೋಡೆ ಹೇಳುತ್ತದೆ,
ಸಿಗರೇಟಿಗಿಂತ ಇದು ಎಷ್ಟೋ ವಾಸಿ.
ಟೀಗನ್ ಶಾಲೆಯ ಗೋಡೆ ಹೇಳುತ್ತದೆ,
ಮುಟ್ಟಿದರೆ ಕೆಟ್ಟೆ.
ಕ್ಯಾಂಟೀನಿನಲ್ಲಿ ಇಬ್ಬರು ವೈದ್ಯರು
ಸೂಪು ಆರಿಹೋಗುವ ತನಕ ವಾದಿಸುತ್ತಾರೆ.
‘ಬೆಂಕಿಯಿಲ್ಲ, ಟಾರಿಲ್ಲ, ಸುಟ್ಟದ್ದೇನೂ ಇಲ್ಲ.’
‘ಇಪ್ಪತ್ತು ವರ್ಷ ತಾಳಿ, ಆಮೇಲೆ ಮಾತಾಡೋಣ.’
‘ಅಷ್ಟು ತಾಳುವ ಉಸಿರು ನನ್ನ ರೋಗಿಗಳಿಗಿಲ್ಲ.’
‘ನನ್ನ ರೋಗಿಗಳಿಗೆ ಇನ್ನೂ ಹಲ್ಲು ಸರಿಯಾಗಿ ಬಂದಿಲ್ಲ.’
ನಾನು ಉಪ್ಪಿನ ಕುಡಿಕೆ ಅತ್ತ ಸರಿಸುತ್ತೇನೆ.

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುವ ಮಾತಿದೆ.
ಇಲ್ಲಿ ಬೆಂಕಿಯೇ ಇಲ್ಲ.
ಆಡುತ್ತಿರುವುದು ಏನು ಮತ್ತೆ?
ಹೊಗೆಯಲ್ಲ ಹಬೆ ಎಂದರು. ಹಬೆಯೂ ಅಲ್ಲ, ಸಣ್ಣ ಸಣ್ಣ ಹನಿ ಎಂದರು.
ಹೆಸರು ಹುಡುಕುವಷ್ಟರಲ್ಲಿ ಅದು ಚದುರಿಹೋಗಿರುತ್ತದೆ.

ನನ್ನ ಪರದೆಯ ಮೇಲೆ ಮಕ್ಕಳಿಗೆಂದು ಒಂದು ಆಟವಿದೆ:
ಕೇಕಿನ ಮೇಲೆ ಎಂಟು ಮೇಣದಬತ್ತಿ, ಊದಿದಷ್ಟೂ ಆರುತ್ತವೆ.
ಎನಿಡ್ ತನಗೂ ಅದೇ ಬೇಕೆಂದಳು.
ಐದು ಆರಿದವು. ಹೋದ ಚಳಿಗಾಲ ನಾಲ್ಕು.
ಟೀಗನ್ ಎಂಟನ್ನೂ ಒಂದೇ ಏಟಿಗೆ ಆರಿಸಿದಳು.
‘ನೋಡು, ನನಗೇನೂ ಆಗಿಲ್ಲ.’
‘ನನಗೂ ಹದಿನಾಲ್ಕರಲ್ಲಿ ಏನೂ ಆಗಿರಲಿಲ್ಲ.’
‘ನೀನೂ ಅದನ್ನೇ ಎಳೆಯುತ್ತೀಯಲ್ಲ.’
‘ನಾನು ಇಳಿಯುವುದಕ್ಕೆ ಹಿಡಿದ ಏಣಿ ಕಣೇ ಅದು.’
‘ಏಣಿ ಮೇಲೆ ಬರೆದಿರುತ್ತಾ ಅಜ್ಜಿ,
ಇಳಿಯುವವರಿಗೆ ಮಾತ್ರ ಅಂತ?’

ಇಬ್ಬರೂ ನನ್ನತ್ತ ತಿರುಗಿದರು.
ಅಳೆಯುವವನಿಗೆ ಗೊತ್ತಿರಬೇಕಲ್ಲ.
ನನಗೆ ಗೊತ್ತಿರುವುದು ಲೀಟರು ಮತ್ತು ಸೆಕೆಂಡು.
ಹುಡುಗಿಗೆ ‘ಬೇಡ’ ಎಂದೆ,
ಅಜ್ಜಿಗೆ ‘ಸದ್ಯಕ್ಕೆ ಇರಲಿ’ ಎಂದೆ.
ಒಂದೇ ಉಸಿರು, ಎರಡು ನಾಲಿಗೆ.

ನಮೂನೆಯಲ್ಲಿ ಚೌಕಗಳು ಮೂರೇ:
ಸೇದುತ್ತಾರೆ. ಸೇದುವುದು ಬಿಟ್ಟಿದ್ದಾರೆ. ಎಂದೂ ಸೇದಿಲ್ಲ.
ಎನಿಡ್‌ಗೆ ಎರಡನೆಯದು; ಪೆನ್ನು ಕೇಳಿ ಇಸಿದುಕೊಂಡು
ನನ್ನ ಗುರುತಿನ ಮೇಲೆಯೇ ಇನ್ನೊಮ್ಮೆ ಒತ್ತಿ ಎಳೆದಳು.
ಟೀಗನ್‌ಗೆ, ನಿಯಮದ ಪ್ರಕಾರ, ಮೂರನೆಯದು.
ಸಿಗರೇಟು ಮುಟ್ಟಿದವಳಲ್ಲ ಅವಳು.
ಉಳಿದದ್ದನ್ನು ಅಂಚಿನಲ್ಲಿ ಬರೆದೆ,
ಕಂಪ್ಯೂಟರು ಓದದ ಜಾಗದಲ್ಲಿ.

ಆಮೇಲೆ ಕಿಟಕಿಯಿಂದ ಕಂಡರು, ಬಸ್ ನಿಲ್ದಾಣದಲ್ಲಿ.
ಗಾಳಿ ಯಾವ ಕಡೆಗಿದೆ ಎಂದು ಎನಿಡ್ ಮುಖವೆತ್ತಿ ನೋಡಿ,
ಹೊಗೆಮನೆಯವರಿಗೆ ಅದು ಕಲಿಸಬೇಕಿಲ್ಲ,
ಹುಡುಗಿಯಿಂದ ಎಂಟು ಹೆಜ್ಜೆ ಆಚೆ ಹೋಗಿ ನಿಂತು ಎಳೆದಳು.
ಬಿಳಿಯದೊಂದು ಮೋಡ, ಮೀನುಕಟ್ಟೆಯ ಕಡೆಗೆ.
ಟೀಗನ್ ಅದನ್ನು ನೋಡುತ್ತ
ಜಾಕೆಟ್ಟಿನ ಜೇಬಿಗೆ ಕೈ ಹಾಕಿದಳು.

ಬಸ್ಸು ಬಂದು ಅಡ್ಡ ನಿಂತಿತು.