ಐದನೇ ಸೀನು

ವೂಚ್ ನಗರ, ಎಪ್ಪತ್ತೇಳರ ಫೆಬ್ರವರಿ,
ರೇಡಿಯೋ ನಾಟಕದ ಸ್ಟುಡಿಯೋ.
ನನ್ನ ಕಸುಬು ಸದ್ದು.
ಚರ್ಮದ ಚೀಲಕ್ಕೆ ಆಲೂಗಡ್ಡೆ ಹಿಟ್ಟು ತುಂಬಿ ಹಿಸುಕಿದರೆ
ಹಿಮದ ಮೇಲೆ ನಡೆವ ಬೂಟು.
ಕೈಗವಸಿನ ಜೋಡಿ ಪಟಪಟ ಕೊಡವಿದರೆ
ಸೂರಿನಿಂದೆದ್ದ ಪಾರಿವಾಳ.

ಈ ಸಲ ಬೇಕಾದವನು ಒಬ್ಬ ಮನುಷ್ಯ,
ಮನುಷ್ಯನಲ್ಲದವನು.
ಹೆಸರು ಸೆವೆರಿನ್. ಹುಟ್ಟಿದ್ದು ಕಾರ್ಖಾನೆಯಲ್ಲಿ,
ಬಾಡಿಗೆಗಿರುವುದು ದಂತವೈದ್ಯೆಯೊಬ್ಬಳ ಹಿತ್ತಲ ಕೋಣೆಯಲ್ಲಿ.
ಆರು ಕಂತು ಮುಗಿಯುವವರೆಗೆ
ಯಾರಿಗೂ ಅವನ ಗುಟ್ಟು ತಿಳಿಯಬಾರದು.

"ಸೂಪು ಕುಡಿಯುತ್ತಾನಾ?" ಕೇಳಿದೆ.
ಬರೆದವನು ಝೆನೋನ್, ಕನ್ನಡಕ ಒರೆಸಿದ.
"ಕುಡಿದ ಹಾಗೆ ಮಾಡುತ್ತಾನೆ."
"ಆಮೇಲೆ? ಒಳಗೆ ಹೋದದ್ದು ಹೊರಗೆ ಬರಬೇಡವೆ?"
"ಹಾಲ್ಷ್ಕಾ, ಇದು ವಿಜ್ಞಾನದ ಕಥೆ."
"ಅದಕ್ಕೇ ಕೇಳಿದ್ದು. ಎಂಟು ತಿಂಗಳು
ಗೋಡೆಯಾಚೆ ಒಮ್ಮೆಯೂ ಸರಪಳಿ ಎಳೆದ ಸದ್ದಿಲ್ಲವೆಂದರೆ
ಮನೆಯೊಡತಿ ಮೊದಲ ಕಂತಿಗೇ ಪೊಲೀಸರನ್ನು ಕರೆಯುತ್ತಾಳೆ."

ಯಾರೂ ನಗಲಿಲ್ಲ. ಝೆನೋನ್ ಮೆಲ್ಲಗೆ ಅಂದ,
"ಬೆಳಗ್ಗೆ ನಾಲ್ಕಕ್ಕೆ ಮಾಂಸದಂಗಡಿಯ ಸಾಲಿನಲ್ಲಿ ನಿಂತು
ಒಂಬತ್ತಕ್ಕೆ ಬರಿಗೈಲಿ ಬಂದವನು ನಾನು.
ಹೊಟ್ಟೆಪಾಡಿಲ್ಲದ ಒಬ್ಬನನ್ನಾದರೂ
ಬರೆಯಬೇಕೆನಿಸಿತು, ತಪ್ಪೆ?"

ಅವನ ಮಾತನ್ನೇ ಕೇಳಿ ನೋಡೋಣವೆಂದರು ನಿರ್ದೇಶಕಿ ತೆಕ್ಲಾ.
ಲುದ್ವಿಕ್ ತನ್ನ ಮಾತುಗಳನ್ನು ಓದಿದ.
ನಾನು ಬ್ಲೇಡು ಹಿಡಿದು ಕೂತೆ.
ಪ್ರತಿ ವಾಕ್ಯದ ಹಿಂದಿನ ಉಸಿರನ್ನು
ಟೇಪಿನಿಂದ ಕತ್ತರಿಸಿ ತೆಗೆದು
ಜಾಮಿನ ಖಾಲಿ ಸೀಸೆಗೆ ಹಾಕಿದೆ,
ಕಂದು ರಿಬ್ಬನ್ನಿನ ಗೇಣುದ್ದದ ಚೂರುಗಳು,
ರಾತ್ರಿ ಒಂದರವರೆಗೆ.

ಹಾಕಿ ಕೇಳಿದೆವು.
ಸ್ವರ ಸ್ಪಷ್ಟ, ಉಚ್ಚಾರ ಶುದ್ಧ.
ರೈಲು ತಡವಾಗಿದೆಯೆಂದು ಹೇಳುವ ದನಿಯ ಹಾಗೆ.
"ಇವನು ಕೋಣೆಯಲ್ಲಿ ಎಲ್ಲಿ ನಿಂತಿದ್ದಾನೆ?" ಅಂದರು ತೆಕ್ಲಾ.
ಎಲ್ಲೂ ನಿಂತಿರಲಿಲ್ಲ.
ಕುರ್ಚಿ ಕಿರ್ರೆಂದಿತು, ಕಿಟಕಿ ನಡುಗಿತು,
ದಂತವೈದ್ಯೆ ಯಾರೂ ಇಲ್ಲದ ಗಾಳಿಗೆ ಚಹಾ ಕೊಡುತ್ತಿದ್ದಳು.

ಮರುದಿನ ಉಸಿರುಗಳನ್ನೆಲ್ಲ ವಾಪಸು ಅಂಟಿಸಿದೆ.
ಯಾವುದು ಯಾವುದರದೆಂದು ಗೊತ್ತಾಗದೆ
ಕೋಪದ ಉಸಿರು ಕ್ಷಮೆಯ ಮುಂದೆ ಕೂತಿತು.
ಪರವಾಗಿಲ್ಲ, ಎಷ್ಟೋ ಮನೆಗಳಲ್ಲಿ ಹಾಗೇ.
ಗುಟುಕು ಸೇರಿಸಿದೆ. ಆಕಳಿಕೆ ಸೇರಿಸಿದೆ,
ಕಂಟ್ರೋಲ್ ರೂಮಿನಲ್ಲಿ ಮೂವರು ಆಕಳಿಸಿದರು.
ಮೈಕು ಹಿಡಿದು ಮೂರನೇ ಮಹಡಿಯ ಪಾಯಿಖಾನೆಗೂ ಹೋಗಿ ಬಂದೆ.

ಝೆನೋನ್ ಸೋತ, ಆದರೆ ತನ್ನ ರೀತಿಯಲ್ಲಿ.
ಹೊಸದಾಗಿ ಬರೆದ: ದಿನಾ ಮುಂಜಾನೆ ಸೆವೆರಿನ್
ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾನೆ,
ಒಣಗೋಡೆಗೆ ಮುಖ ಮಾಡಿ ನಲವತ್ತು ಎಣಿಸುತ್ತಾನೆ,
ಸರಪಳಿ ಎಳೆಯುತ್ತಾನೆ.
ಕೈ ತೊಳೆಯುತ್ತಾನೆ. ಅದನ್ನು ಯಾಕೆ ಬರೆದೆಯೆಂದರೆ
ತನಗೂ ಗೊತ್ತಿಲ್ಲ ಅಂದ.

ಐದನೇ ಸೀನಿನಲ್ಲಿ ಸೀನು ಬಂತು.
ಯಾರೂ ಬರೆದದ್ದಲ್ಲ. ನನ್ನ ಆಲೂಗಡ್ಡೆ ಹಿಟ್ಟಿನ ಧೂಳು
ಲುದ್ವಿಕನ ಮೂಗಿಗೆ ಹೋಯಿತು, ಟೇಪು ಓಡುತ್ತಿತ್ತು.
ದಂತವೈದ್ಯೆಯ ಪಾತ್ರದ ಇಡಾಲಿಯಾ
ಹಾಳೆಯಿಂದ ತಲೆಯೆತ್ತದೆ, ರೂಢಿಯಂತೆ,
ಸೀನಿದ ಯಾರಿಗೂ ಅನ್ನುವಂತೆ ಅಂದುಬಿಟ್ಟಳು:
"ನೂರು ವರ್ಷ!"

ಮೌನ. ನನ್ನ ಗಡಿಯಾರದಲ್ಲಿ ನಾಲ್ಕು ಸೆಕೆಂಡು.
ಲುದ್ವಿಕ್ ಮೂಗೊರೆಸಿಕೊಳ್ಳಲಿಲ್ಲ.
ಸೆವೆರಿನನ ದನಿಯಲ್ಲಿ, ತಗ್ಗಿಸಿ, ಕೇಳಿದ:
"ಅಷ್ಟೇನಾ?"

ತೆಕ್ಲಾ ಟೇಪು ನಿಲ್ಲಿಸಲಿಲ್ಲ.

ಪ್ರಸಾರವಾದ ಮರುದಿನ ಮಾಂಸದ ಸಾಲಿನಲ್ಲಿ
ನನ್ನ ಮುಂದಿನ ಹೆಂಗಸು ಹಿಂದಿನವಳಿಗೆ ಹೇಳುತ್ತಿದ್ದಳು,
"ಪಾಪ, ಆ ಹುಡುಗನಿಗೆ ನೆಗಡಿ ಕಣೇ.
ಹಿತ್ತಲ ಕೋಣೆ, ಒಲೆ ಇಲ್ಲ."

ಸೀಸೆಯ ತಳದಲ್ಲಿ ಒಂದು ಚೂರು ಉಳಿದಿದೆ,
ಎಲ್ಲಿ ಅಂಟಿಸಬೇಕೋ ತೋಚದೆ ಬಿಟ್ಟದ್ದು.
ಬೆಳಕಿಗೆ ಹಿಡಿದು ನೋಡುತ್ತೇನೆ ಆಗಾಗ.
ಒಳಗೆಳೆದದ್ದೋ ಹೊರಬಿಟ್ಟದ್ದೋ,
ಟೇಪಿನ ಮೇಲೆ ಬರೆದಿರುವುದಿಲ್ಲ.