ಎಡಗೈ ತೋರುಬೆರಳು

ರಾತ್ರಿ ಎರಡೂ ಇಪ್ಪತ್ತು. ಕರೆಂಟು ಹೋಗಿ
ಜನರೇಟರು ಗುಡುಗುವ ಮೊದಲಿನ ಆ ಒಂದು ಉಸಿರು.
ಗಂಜಿನ ಹಮಾಲ ಬಂಡೆಪ್ಪ ಕೈ ಎಳೆದುಕೊಂಡ.
ಸೂಜಿ ಅವನಿಂದ ಹೊರಬಂದು
ನನ್ನೊಳಗೆ ಹೊಕ್ಕಿತು.

ಇರುವೆ ಕಚ್ಚಿದಷ್ಟು. ಅಷ್ಟೂ ಇಲ್ಲ.

ಬೆರಳು ತಾನಾಗಿಯೇ ಬಾಯ ಕಡೆ ಹೊರಟಿತ್ತು.
ಕೌದಿ ಹೊಲೆಯುವಾಗ ಅವ್ವ ಸೂಜಿ ಚುಚ್ಚಿಕೊಂಡರೆ
ಒಮ್ಮೆ ಚೀಪಿ, ಸೆರಗಿಗೆ ಒರೆಸಿ
ಮುಂದಿನ ಹೊಲಿಗೆ ಹಾಕುತ್ತಿದ್ದಳಲ್ಲ, ಹಾಗೆ.
ಗ್ಲೌಸು ತುಟಿಗೆ ತಾಗುವ ಮುಂಚೆ ತಡೆದೆ.
ಅವ್ವನ ಸೂಜಿಯಲ್ಲಿ ಅವ್ವನದೇ ರಕ್ತವಿತ್ತು.

ಹರಿಯುವ ನೀರಲ್ಲಿ ಹಿಡಿಯಬೇಕು, ಹಿಂಡಬಾರದು:
ವಿದ್ಯಾರ್ಥಿಗಳಿಗೆ ನಾನೇ ಹೇಳುವ ಪಾಠ.
ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ,
ನಡುವೆ ರಾಯಚೂರಿನ ನಮ್ಮ ವಾರ್ಡಿನ ನಲ್ಲಿ
ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಯಾರದೋ ತಂಗಿ ಕುಡಿಯುವ ಬಾಟಲಿ ಎತ್ತಿ
ಸಣ್ಣಗೆ ಸುರಿದಳು, ಯಾಕೆಂದು ಕೇಳದೆ.
ಏಪ್ರಿಲ್ಲಿನ ನೀರು. ಚಹದಷ್ಟು ಬಿಸಿ.

ಬೆಳಿಗ್ಗೆ ಫಾರಂ.
ಯಾವ ಬೆರಳು? ಗ್ಲೌಸು ಇತ್ತೆ?
ಸೂಜಿಗೆ ಮುಚ್ಚಳ ತೊಡಿಸಲು ಹೋದಿರಾ?
ಕಾರಣ ಬರೆಯಲು ಬಿಟ್ಟದ್ದು ಒಂದು ಗೆರೆ.
ನಲವತ್ತೊಂದು ಹಾಸಿಗೆ, ಇಬ್ಬರು ನರ್ಸು
ಅದರಲ್ಲಿ ಹಿಡಿಸಲಿಲ್ಲ.
'ಅಜಾಗರೂಕತೆ' ಎಂದು ಬರೆದಿದ್ದರೆ
ಇನ್ನೂ ಜಾಗ ಉಳಿಯುತ್ತಿತ್ತು.

ಬಂಡೆಪ್ಪನ ರಕ್ತ ಕೇಳಲು ನಾನೇ ಹೋದೆ.
"ಚುಚ್ಚಿದ್ದು ನಿಮಗ, ರಕ್ತ ನಂದ್ಯಾಕ್ರಿ ಅಕ್ಕಾರ?
ನನಗೇನಾರ ಐತೇನು?"
ರಾತ್ರಿಯಿಂದ ನಾನು ಮಡಚಿಟ್ಟುಕೊಂಡಿದ್ದ ಭಯ
ಅವನ ಮುಖದ ಮೇಲೆ ಬಿಚ್ಚಿಕೊಂಡಿತು.
"ಏನೂ ಇಲ್ಲಂತ ತಿಳ್ಕೊಳ್ಳಾಕ" ಎಂದೆ.
ತೋಳು ಚಾಚಿ, ಅತ್ತ ಹೊರಳಿ ಅಂದ:
"ಈ ಸಲ ಅಲುಗಾಡಂಗಿಲ್ಲ ಬಿಡ್ರಿ."

ಏನೂ ಇಲ್ಲವೆಂದೇ ಬಂತು.
ಆದರೂ ಮೂರು ತಿಂಗಳಿಗೆ ಮತ್ತೊಮ್ಮೆ ನೋಡಿಸಿ ಎಂದರು.
ಮುಟ್ಟಿದರೆ ಹತ್ತುವುದಿಲ್ಲ, ಬಲ್ಲೆ,
ಊರಿಗೆಲ್ಲ ಹೇಳಿದವಳು ನಾನೇ.
ಆದರೂ ಮಗಳ ಜಡೆ ಹೆಣೆಯುವಾಗ
ಒಂದು ಬೆರಳು ಎತ್ತಿ ಹಿಡಿದಿದ್ದೆ.
ಕನ್ನಡಿಯಲ್ಲಿ ಅವಳು ನೋಡಿದಳು.
ಸೊಟ್ಟ ಜಡೆಯಲ್ಲೇ ಸ್ಕೂಲಿಗೆ ಹೋದಳು.

ಮರುದಿನ ಕಸದ ಚೀಲ ಕಟ್ಟುತ್ತ ಯಂಕಮ್ಮ
ನನ್ನ ಬೆರಳು ನೋಡಿ ನಕ್ಕಳು.
"ಇಷ್ಟಕ್ಕ ಕಾಗದೇನ್ರಿ? ಮೊನ್ನಿ ಚೀಲದಾಗಿಂದು
ನನಗ ಚುಚ್ಚೇತಿ ನೋಡ್ರಿ. ಹ್ವಾದ ಬ್ಯಾಸಿಗ್ಯಾಗ ಎರಡು.
ಯಾರವೋ, ಯಾರಿಗೆ ಗೊತ್ತು."

ಗುತ್ತಿಗೆಯವರಿಗೆ ಈ ಫಾರಂ ಇಲ್ಲ.
ಖಾಲಿಯದೊಂದು ತೆಗೆದು
ಹೆಸರಿನ ಮುಂದೆ ಅವಳ ಹೆಸರು ಬರೆದೆ.
ಯಾವ ಬೆರಳು, ಯಂಕಮ್ಮಾ?

ಎರಡೂ ಕೈ ಬೆಳಕಿಗೆ ಹಿಡಿದು
ಅವಳು ಎಣಿಸತೊಡಗಿದಳು.